ರಾತ್ರಿ ಮನೆಗೆ ಕಳ್ಳ ನುಗ್ಗಿದರೆ ಲೈಸೆನ್ಸ್ ಕೋವಿಯಿಂದ ಈಡು ಹೊಡೆಯಬಹುದೇ? ಕಣದಲ್ಲಿ ಕಾಫಿ ಕದಿಯುವವನಿಗೆ?

ಬಾಳೂರು_ಘಾಟಿ ಕೇಳಿದ್ದು:

ಮೂಡಿಗೆರೆ ಕಡೆಯ ಒಂಟಿ ತೋಟದ ಮನೆ. ಇರುವವರು ಅಪ್ಪ, ಅಮ್ಮ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ಮನೆಯ ಪಕ್ಕ ಗೋಡೌನ್, ಅದರ ಹಿಂದೆ ಕೆಲಸದವರ ಲೈನ್ ಮನೆಗಳು, ಮುಂದೆ ಕಣ. ಅಪ್ಪನ ಹೆಸರಲ್ಲಿ 12 ಬೋರಿನ ಜೋಡು ನಳಿಗೆ ಕೋವಿ ಇದೆ. ಲೈಸೆನ್ಸ್ ಆಗಿದ್ದು ಬೆಳೆ ರಕ್ಷಣೆಗೆ ಅಂತ. ಕಾಫಿಗೆ, ಮೆಣಸಿಗೆ ರೇಟು ಬಂದ ಮೇಲೆ ಕುಯ್ಲಿನ ಹೊತ್ತಿಗೆ ಸುತ್ತಮುತ್ತ ಕಳ್ಳತನದ ಸುದ್ದಿ ಜಾಸ್ತಿ.

ನನಗೆ ಬೇಕಿರುವುದು ಖಚಿತ ಉತ್ತರ. ರಾತ್ರಿ ಬಾಗಿಲು ಮುರಿದು ಒಳಗೆ ಬಂದವನ ಮೇಲೆ ಗುಂಡು ಹಾರಿಸಿದರೆ ಕೊಲೆ ಕೇಸಾಗುತ್ತದಾ? ಗೋಡೌನ್ ಬೀಗ ಒಡೆಯುತ್ತಿರುವವನಿಗೆ? ಕಣದಿಂದ ಮೂಟೆ ಹೊತ್ತು ಓಡುವವನಿಗೆ? ಬೆಳೆ ರಕ್ಷಣೆಯ ಕೋವಿಯನ್ನು ಇದಕ್ಕೆ ಬಳಸಬಹುದಾ? "ಕಾಲಿಗೆ ಹೊಡೆದರೆ ಏನೂ ಆಗಲ್ಲ" ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವಾ?

---

ಕೋರ್ಟ್‌ಕಟ್ಟೆ:

ಮನೆ, ಗೋಡೌನ್, ಕಣ ಅಂತ ಮೂರು ಜಾಗ ಹೇಳಿದ್ದೀರಿ. ಕಾನೂನು ಮೂರನ್ನೂ ಒಂದೇ ರೀತಿ ನೋಡುವುದಿಲ್ಲ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಖಾಸಗಿ ರಕ್ಷಣೆಯ ಹಕ್ಕು ಮೊದಲು 96ರಿಂದ 106ನೇ ಕಲಂಗಳಲ್ಲಿತ್ತು, ಈಗ 34ರಿಂದ 44ರಲ್ಲಿದೆ. ಒಳಗಿನ ಸರಕು ಹೆಚ್ಚುಕಮ್ಮಿ ಹಳೆಯದೇ. ಹಾಗಾಗಿ ಹಳೆಯ ತೀರ್ಪುಗಳು ಈಗಲೂ ಕೆಲಸಕ್ಕೆ ಬರುತ್ತವೆ.

ಆಸ್ತಿ ಉಳಿಸಿಕೊಳ್ಳಲು ಹೋಗಿ ಎದುರಿನವನ ಪ್ರಾಣ ಹೋದರೂ ಅಪರಾಧವಲ್ಲ ಎನ್ನುವ ಸಂದರ್ಭಗಳು 41ನೇ ಕಲಂನಲ್ಲಿವೆ: ಸುಲಿಗೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮನೆ ಒಡೆಯುವುದು, ಜನ ವಾಸಿಸುವ ಅಥವಾ ಸಾಮಾನು ಇಡುವ ಕಟ್ಟಡಕ್ಕೆ ಬೆಂಕಿ ಹಚ್ಚುವುದು ಇಲ್ಲವೇ ಸ್ಫೋಟಕ ಇಡುವುದು, ಕೊನೆಯದಾಗಿ, ತಡೆಯದಿದ್ದರೆ ಸಾವು ಅಥವಾ ತೀವ್ರ ಗಾಯ ಆದೀತು ಎಂಬ ಭಯಕ್ಕೆ ಕಾರಣವಿರುವಂತಹ ಕಳ್ಳತನ, ಹಾನಿ ಅಥವಾ ಮನೆಯೊಳಗಿನ ಅತಿಕ್ರಮಣ.

ಇಲ್ಲಿ "ಮನೆ ಒಡೆಯುವುದು" ಎಂಬುದಕ್ಕೆ 330ನೇ ಕಲಂನಲ್ಲಿ ನಿಖರ ವ್ಯಾಖ್ಯೆ ಇದೆ. ಬೀಗ ತೆರೆಯುವುದು, ಹಾಕಿದ ಚಿಲಕ ತೆಗೆಯುವುದು, ಹೆಂಚು ಸರಿಸುವುದು, ಗೋಡೆಗೆ ಕನ್ನ ಕೊರೆಯುವುದು, ಗೋಡೆ ಹತ್ತಿ ಇಳಿಯುವುದು, ಹಲ್ಲೆ ಮಾಡಿ ನುಗ್ಗುವುದು ಇವೆಲ್ಲ ಒಳಗೆ ಬರುತ್ತವೆ. ಕಿಟಕಿಯಲ್ಲಿ ಕೈ ತೂರಿಸಿದರೂ ಸಾಕು, ಪೂರ್ತಿ ದೇಹ ಒಳಗೆ ಬರಬೇಕೆಂದಿಲ್ಲ. ಆದರೆ ತೆರೆದಿದ್ದ ಬಾಗಿಲಿನಿಂದ ಸುಮ್ಮನೆ ಒಳಗೆ ಬಂದರೆ ಅದು ಮನೆ ಒಡೆದಂತಲ್ಲ, ಬರೀ ಅತಿಕ್ರಮಣ. ಆಗ ನಿಮ್ಮ ಭಯಕ್ಕೆ ಕಾರಣವಿತ್ತು ಎಂದು ನೀವು ತೋರಿಸಬೇಕಾಗುತ್ತದೆ. ಸಂಜೆ ಏಳಕ್ಕೇ ಬಾಗಿಲಿಗೆ ಚಿಲಕ ಹಾಕುವುದರಿಂದ ಕಾನೂನಿನಲ್ಲೂ ಲಾಭವಿದೆ ಅಂತಾಯಿತು.

ಗೋಡೌನ್? "ಸ್ವತ್ತು ಇಡುವ ಕಟ್ಟಡ" ಕೂಡ ಈ ವ್ಯಾಖ್ಯೆಯ ಒಳಗೇ ಬರುತ್ತದೆ. ರಾತ್ರಿ ಅದರ ಬೀಗ ಒಡೆಯುವುದು ಮನೆ ಒಡೆಯುವುದೇ. ಕಣ ಕಟ್ಟಡವಲ್ಲ. ಬಯಲಲ್ಲಿ ಒಣಗಲು ಹಾಕಿದ ಕಾಫಿ ಹೊತ್ತೊಯ್ದರೆ ಅದು ಕಳ್ಳತನ ಮತ್ತು ಅತಿಕ್ರಮಣ, ಅಷ್ಟೇ. ಅದಕ್ಕೆ 42ನೇ ಕಲಂ: ಸಾವು ಬಿಟ್ಟು ಬೇರೆ ಹಾನಿ ಮಾಡಿ ತಡೆಯಬಹುದು, ಅದೂ ಅಗತ್ಯದ ಮಿತಿಯಲ್ಲಿ. ಅದೇ ಕಳ್ಳ ತಡೆಯಲು ಬಂದವರಿಗೆ ಕತ್ತಿ ಬೀಸಿದ ಅಂದರೆ ಕಳ್ಳತನ ಹೋಗಿ ಸುಲಿಗೆಯಾಗುತ್ತದೆ. ಐದು ಜನ ಸೇರಿ ಮಾಡಿದರೆ ಡಕಾಯಿತಿ. ಆಗ ಲೆಕ್ಕವೇ ಬೇರೆ.

ಇಷ್ಟು ಓದಿ "ರಾತ್ರಿ ಬೀಗ ಒಡೆದವನಿಗೆ ಹೊಡೆಯಬಹುದು" ಎಂದು ತೀರ್ಮಾನಿಸಬೇಡಿ. 41 ಎನ್ನುವುದು 37ಕ್ಕೆ ಒಳಪಟ್ಟಿದೆ. ಆ 37 ಎರಡು ಮಾತು ಹೇಳುತ್ತದೆ: ಪೊಲೀಸರನ್ನು ಕರೆಯಲು ಸಮಯವಿದ್ದರೆ ಹಕ್ಕೇ ಇಲ್ಲ, ಇದ್ದರೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಗೋಡೌನ್ ಬೀಗದ ಸದ್ದು ಕೇಳಿ, ಮನೆಯೊಳಗೆ ಬಾಗಿಲು ಭದ್ರವಾಗಿರುವಾಗ, ಕಿಟಕಿಯಿಂದ ಗುರಿ ಇಟ್ಟು ಹೊಡೆದರೆ ವಿಚಾರಣೆಯಲ್ಲಿ ಮೊದಲ ಪ್ರಶ್ನೆಯೇ "112ಕ್ಕೆ ಯಾಕೆ ಫೋನ್ ಮಾಡಲಿಲ್ಲ?"

ಓಡುವವನ ಬೆನ್ನಿಗೆ ಹೊಡೆಯುವುದು ಸೋಲುವ ಕೇಸು. 1963ರ ಜೈ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಎದುರಾಳಿಗಳು ಓಟ ಕಿತ್ತು ಅಪಾಯ ಮುಗಿದ ಮೇಲೆ ಹಾರಿಸಿದ ಗುಂಡಿಗೆ ಆತ್ಮರಕ್ಷಣೆಯ ರಕ್ಷೆ ಇಲ್ಲ. 43ನೇ ಕಲಂ ಪ್ರಕಾರ ರಾತ್ರಿ ಮನೆ ಒಡೆದವನ ವಿರುದ್ಧದ ಹಕ್ಕು ಅವನು ಒಳಗೆ ಇರುವಷ್ಟು ಹೊತ್ತು. ಹೊಸ್ತಿಲು ದಾಟಿ ಹೊರಗೆ ಹೋದ ಮೇಲೆ ಬೆನ್ನಟ್ಟಿ ಸಾಮಾನು ಕಿತ್ತುಕೊಳ್ಳಬಹುದು, ಪ್ರಾಣ ತೆಗೆಯುವಂತಿಲ್ಲ.

ಹಾಗಂತ ಕೋರ್ಟು ಮನೆಯವರ ಕಡೆ ನೋಡುವುದೇ ಇಲ್ಲ ಎಂದಲ್ಲ. 2010ರ ದರ್ಶನ್ ಸಿಂಗ್ ತೀರ್ಪು ಓದಿ. ಅನ್ಯಾಯದ ದಾಳಿ ಎದುರಾದಾಗ ಹೇಡಿಯಂತೆ ಓಡಬೇಕೆಂದು ಕಾನೂನು ಹೇಳುವುದಿಲ್ಲ, ಆ ಕ್ಷಣದ ಗಾಬರಿಯಲ್ಲಿ ಎಷ್ಟು ಬಲ ಸಾಕಿತ್ತು ಎಂದು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂಬ ನಿಲುವು ಅಲ್ಲಿದೆ. 2004ರಲ್ಲಿ ವರದಿಯಾದ ಜೇಮ್ಸ್ ಮಾರ್ಟಿನ್ ಪ್ರಕರಣದಲ್ಲಿ, ಕೇರಳದಲ್ಲಿ ಬಂದ್ ದಿನ ಗಿರಣಿಗೆ ನುಗ್ಗಿದವರ ಮೇಲೆ ಗುಂಡು ಹಾರಿ ಇಬ್ಬರು ಸತ್ತಿದ್ದರೂ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಖುಲಾಸೆ ಮಾಡಿತು. ಆದರೆ ಘಟನೆ ನಡೆದದ್ದು 1988ರಲ್ಲಿ. ನಡುವಿನ ಸುಮಾರು ಹದಿನಾರು ವರ್ಷ ನೆನಪಿರಲಿ.

"ಕಾಲಿಗೆ ಹೊಡೆದರೆ ಏನೂ ಆಗಲ್ಲ" ಎನ್ನುವುದು ಶುದ್ಧ ಕಟ್ಟೆಮಾತು. ಅಂತಹ ಕಲಂ ಯಾವುದೂ ಇಲ್ಲ. ತೊಡೆಯ ರಕ್ತನಾಳ ಹರಿದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮನುಷ್ಯ ಹೋಗಿರುತ್ತಾನೆ. ಬದುಕಿದರೆ ಸಾಮಾನ್ಯವಾಗಿ 109, ಅಂದರೆ ಕೊಲೆ ಯತ್ನ; ಸತ್ತರೆ 103. ಹಕ್ಕು ಇತ್ತು, ಸದುದ್ದೇಶವೂ ಇತ್ತು, ಆದರೆ ಮಿತಿ ಮೀರಿತು ಎಂದು ಕೋರ್ಟು ಕಂಡರೆ 101ರ ಎರಡನೇ ಅಪವಾದದ ಕೆಳಗೆ ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತದೆ, ಶಿಕ್ಷೆ 105ರಲ್ಲಿ.

ಆತ್ಮರಕ್ಷಣೆ ಎಂದು ತೋರಿಸುವ ಹೊರೆ ಸಾಕ್ಷ್ಯ ಅಧಿನಿಯಮದ 108ರ ಪ್ರಕಾರ ಆರೋಪಿಯ ಮೇಲೆ. ಆದರೆ ಪ್ರಾಸಿಕ್ಯೂಷನ್‌ನಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಹಾಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕಾಣಿಸಿದರೆ ಸಾಕು.

---

ಜೋಡುನಳಿಗೆ:

ವಕೀಲರು ಕಲಂ ಹೇಳಿದರು, ನಾನು ಕೋವಿಯ ಕಡೆಯಿಂದ ಹೇಳುತ್ತೇನೆ.

12 ಬೋರಿನ ಚಿಲ್ಲು (ಕಾರ್ಟ್ರಿಜ್ ಒಳಗಿನ ಸಣ್ಣ ಗುಂಡುಗಳು) ಕೋಣೆ ತುಂಬ ಹರಡುತ್ತದೆ, ಗುರಿ ಬೇಕಿಲ್ಲ ಎನ್ನುವುದು ಸುಳ್ಳು. ಚೋಕ್ (ನಳಿಗೆಯ ತುದಿಯ ಬಿಗಿತ) ಇಲ್ಲದ ನಳಿಗೆಯಲ್ಲೂ ಗಜಕ್ಕೆ ಸುಮಾರು ಒಂದು ಇಂಚು ಅಂತ ಒರಟು ಲೆಕ್ಕ ಇಟ್ಟುಕೊಳ್ಳಿ. ಹಜಾರದಲ್ಲಿ ಐದು ಗಜ ದೂರಕ್ಕೆ ಹೊಡೆದರೆ ಅಂಗೈ ಅಗಲ. ಚೋಕ್ ಇರುವ ನಳಿಗೆಯಲ್ಲಿ ಇನ್ನೂ ಕಮ್ಮಿ. ಹಳೆಯ ಜೋಡು ನಳಿಗೆಗಳಲ್ಲಿ ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಎಡದಲ್ಲಿ ಸಾಮಾನ್ಯವಾಗಿ ಚೋಕ್ ಹೆಚ್ಚು.

ಎರಡನೆಯದು ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದು. ಎಲ್‌ಜಿ, ಎಸ್‌ಜಿ ತೋಟೆಯಲ್ಲಿ (ಕಾರ್ಟ್ರಿಜ್) ಬೆರಳೆಣಿಕೆಯ ದೊಡ್ಡ ಗುಂಡುಗಳಿರುತ್ತವೆ. ತೆಳು ಹಲಗೆಯ ಬಾಗಿಲು, ಶೀಟು, ಹೆಂಚು ಅವಕ್ಕೆ ಲೆಕ್ಕಕ್ಕಿಲ್ಲ. ನಿಮ್ಮ ಗೋಡೌನ್ ಹಿಂದೆಯೇ ಲೈನ್ ಮನೆ ಅಂದಿರಿ. ಕಣದಿಂದ ಗೋಡೌನ್ ಕಡೆಗೆ ಹೊಡೆದ ಈಡು ತಪ್ಪಿದರೆ ಹೋಗುವುದು ಮಲಗಿರುವ ಜನರ ಕಡೆಗೆ. 44ನೇ ಕಲಂ ನಿರಪರಾಧಿಗೆ ಅಪಾಯವಾದರೂ ಹೊಡೆಯಲು ಬಿಡುವುದು ಪ್ರಾಣಾಂತಿಕ ದಾಳಿ ಎದುರಾಗಿ, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ. ಮೂಟೆ ಉಳಿಸಲು ಅಲ್ಲ.

ಗಾಳಿಯಲ್ಲಿ ಹಾರಿಸುವುದು ಸುರಕ್ಷಿತ ಅಂದುಕೊಳ್ಳಬೇಡಿ. ಮೇಲೆ ಹೋದದ್ದು ಕೆಳಗೆ ಬೀಳಲೇಬೇಕು. ಅಜಾಗರೂಕತೆಯಿಂದ ಹಾರಿಸಿ ಬೇರೆಯವರಿಗೆ ಅಪಾಯ ಮಾಡಿದರೆ ಶಸ್ತ್ರಾಸ್ತ್ರ ಕಾಯ್ದೆಯ 25(9)ರಲ್ಲಿ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಜೊತೆಗೆ ಎರಡು ನಳಿಗೆಯಲ್ಲಿ ಒಂದು ಖಾಲಿಯಾಯಿತು.

ಮಲೆನಾಡಿನ ಮಳೆಯಲ್ಲಿ ಕಾಗದದ ತೋಟೆ ಉಬ್ಬುತ್ತದೆ. ನಳಿಗೆಗೆ ಇಳಿಯುವುದಿಲ್ಲ, ಇಳಿದರೆ ಹೊರಬರುವುದಿಲ್ಲ. ಪ್ಲಾಸ್ಟಿಕ್ ತೋಟೆ ಉಬ್ಬದಿದ್ದರೂ ತೇವ ಹಿಡಿದರೆ ಕೇಪು (ಮದ್ದಿಗೆ ಕಿಡಿ ಹಚ್ಚುವ ಭಾಗ) ಕೈಕೊಡುತ್ತದೆ. ಟ್ರಿಗರ್ ಎಳೆದು ಸದ್ದು ಬಾರದಿದ್ದರೆ ತಕ್ಷಣ ಕೋವಿ ಮುರಿದು (ಮಧ್ಯದಲ್ಲಿ ಬಾಗಿಸಿ ತೆರೆದು) ನೋಡಬೇಡಿ, ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಅಪಾಯವಿಲ್ಲದ ಕಡೆಗೆ ತಿರುಗಿಸಿ ಅರ್ಧ ನಿಮಿಷ ಕಾಯಿರಿ. ಅಜ್ಜನ ಕಾಲದ ಇಂಗ್ಲಿಷ್ ಕೋವಿಯಾದರೆ ಚೇಂಬರ್ ಅಳತೆ ಗನ್‌ಸ್ಮಿತ್ ಹತ್ತಿರ ಪರೀಕ್ಷಿಸಿಕೊಳ್ಳಿ. ಅವುಗಳಲ್ಲಿ ಹಲವು ಎರಡೂವರೆ ಇಂಚಿನವು, 65 ಮಿ.ಮೀ. ತೋಟೆಗೆ ಮಾಡಿದವು. 70ರ ತೋಟೆ ಸಲೀಸಾಗಿ ಒಳಗೆ ಕೂರುತ್ತದೆ. ಹಾರಿಸಿದಾಗ ತೋಟೆಯ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ, ನಳಿಗೆ ಒಡೆದರೂ ಒಡೆದೀತು.

ಎಲ್ಲಕ್ಕಿಂತ ದೊಡ್ಡ ತಪ್ಪು ಕತ್ತಲಲ್ಲಿ ನೆರಳಿಗೆ ಹೊಡೆಯುವುದು. ತಡರಾತ್ರಿ ಹಿಂಬಾಗಿಲಿನಿಂದ ಬಂದ ಮಗ, ಕುಡಿದು ಮನೆ ತಪ್ಪಿದ ಕೆಲಸದವನು, ಇವರನ್ನೇ ಕಳ್ಳ ಎಂದುಕೊಳ್ಳುವುದುಂಟು. 36ನೇ ಕಲಂನ ಉದಾಹರಣೆಯೇ ಇದು: ತನಗೆ ಹಕ್ಕಿರುವ ಮನೆಗೆ ರಾತ್ರಿ ಬಂದವನನ್ನು ಕಳ್ಳನೆಂದು ನಂಬಿ ಇನ್ನೊಬ್ಬ ಎರಗಿದರೆ, ಬಂದವನಿಗೂ ತಿರುಗಿ ಹೊಡೆಯುವ ಹಕ್ಕಿದೆ. ಅಂದರೆ ಕತ್ತಲಲ್ಲಿ ಇಬ್ಬರೂ ಕಾನೂನಿನೊಳಗೇ ಇದ್ದು ಒಬ್ಬರನ್ನೊಬ್ಬರು ಕೊಲ್ಲಬಹುದು. ಮೊದಲು ಲೈಟು, ಆಮೇಲೆ ಕೂಗು, ಕೋವಿ ಕೊನೆಗೆ.

ಎಪ್ಪತ್ತು ದಾಟಿದ ದಂಪತಿಗೆ ನನ್ನ ಲೆಕ್ಕ ಹೀಗೆ: ಮಲಗುವ ಕೋಣೆಗೆ ಗಟ್ಟಿ ಮರದ ಬಾಗಿಲು, ಒಳಗಿನಿಂದ ಅಡ್ಡಗೋಲು, ಒಳಗೊಂದು ಚಾರ್ಜ್ ಆದ ಫೋನು, ಹೊರಗಿನ ದೀಪಗಳ ಸ್ವಿಚ್ಚು ಕೈಗೆಟುಕುವಂತೆ. ಸದ್ದಾದರೆ ಹೊರಗೆ ಹೋಗುವುದಲ್ಲ, ಕೋಣೆಯೊಳಗೆ ಸೇರಿ ಅಡ್ಡಗೋಲು ಹಾಕುವುದು. ಆ ಬಾಗಿಲನ್ನೂ ಒಡೆದು ಬಂದವನು ಕಾಫಿಗೆ ಬಂದವನಲ್ಲ ಎಂದು ಕೋರ್ಟಿಗೂ ಅರ್ಥವಾಗುತ್ತದೆ. ಹೊರಗೆ ನೋಡಿಬರಲು ಹೋದವರಿಂದ ಕೋವಿ ಕಿತ್ತುಕೊಳ್ಳುವುದು ಕಳ್ಳನಿಗೆ ಕಷ್ಟವೇನಲ್ಲ.

---

ಮಹಜರ್:

ಈಡು ಹಾರಿದ ಮೇಲಿನ ಮೊದಲ ಒಂದು ಗಂಟೆಯಲ್ಲೇ ಅರ್ಧ ಕೇಸು ತೀರ್ಮಾನವಾಗುತ್ತದೆ.

112ಕ್ಕೆ ಫೋನ್ ಮಾಡಿ, "ಮನೆಗೆ ನುಗ್ಗಿದ್ದಾರೆ, ಗುಂಡು ಹಾರಿದೆ, ಒಬ್ಬನಿಗೆ ಗಾಯವಾಗಿದೆ, ಆಂಬುಲೆನ್ಸ್ ಬೇಕು" ಎನ್ನಿ. ಆಂಬುಲೆನ್ಸ್ ಕೇಳಿದ್ದು ದಾಖಲಾಗುತ್ತದೆ, ಕೊಲ್ಲುವ ಉದ್ದೇಶ ಇರಲಿಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಕಮ್ಮಿ. ಮೊದಲು ನೆಂಟರಿಗೆ, ಆಮೇಲೆ ಪರಿಚಯದ ರಾಜಕಾರಣಿಗೆ, ಕೊನೆಗೆ ಠಾಣೆಗೆ ಫೋನ್ ಮಾಡಿದರೆ ಕರೆಗಳ ಪಟ್ಟಿಯಲ್ಲಿ ಆ ಕ್ರಮ ಹಾಗೆಯೇ ಕಾಣುತ್ತದೆ.

ಅಪಾಯ ಮುಗಿದ ಮೇಲೆ ಕೋವಿ ಮುರಿದು, ಉಳಿದ ತೋಟೆ ಹೊರತೆಗೆದು, ಖಾಲಿಯಾದದ್ದನ್ನೂ ಜೊತೆಗಿಟ್ಟು ಒಂದೇ ಕಡೆ ಬಿಡಿ. ಯಾವ ನಳಿಗೆಯದು ಹಾರಿದ್ದು ಎಂದು ನೆನಪಿಡಿ. ಒರೆಸಬೇಡಿ, ಎಣ್ಣೆ ಹಾಕಬೇಡಿ. ಹಾರಿಸಿದವರು ಕೈ ತೊಳೆಯಬಾರದು, ಬಟ್ಟೆ ಬದಲಿಸಬಾರದು. ಮದ್ದಿನ ಕಣಗಳ ಪರೀಕ್ಷೆ ಆಗುತ್ತದೆ. ಒಡೆದ ಬೀಗ, ಕಬ್ಬಿಣದ ರಾಡು, ಹೆಜ್ಜೆ ಗುರುತು, ಸರಿದ ಹೆಂಚು ಇದ್ದಲ್ಲೇ ಇರಲಿ. ಅವು ನಿಮ್ಮ ಪರ ಸಾಕ್ಷಿ. ನೆಲ ಗುಡಿಸಿಬಿಡುವುದು, ಬಾಗಿಲು ರಿಪೇರಿಗೆ ಆಚಾರಿಯನ್ನು ಕರೆಸುವುದು ಮನೆಯವರು ಮಾಡುವ ಸಾಮಾನ್ಯ ತಪ್ಪು. ಹೊರಗೆ ಬಿದ್ದವನನ್ನು ಒಳಗೆ ಎಳೆದು ತಂದು ಹಾಕಿದರೆ ರಕ್ತದ ಗುರುತು ಹೇಳಿಬಿಡುತ್ತದೆ. ಆ ಒಂದು ಸುಳ್ಳಿನಿಂದ ನಿಜವಾದ ಆತ್ಮರಕ್ಷಣೆಯೂ ಬಿದ್ದುಹೋಗುತ್ತದೆ.

ಸುಳ್ಳು ಯಾಕೆ ನಿಲ್ಲುವುದಿಲ್ಲ ಅಂದರೆ, ದೂರವನ್ನು ಗಾಯವೇ ಹೇಳುತ್ತದೆ. ತೀರ ಹತ್ತಿರದ ಏಟಿಗೆ ಸುಟ್ಟ ಗುರುತು, ಮಸಿ, ಒಂದೇ ದೊಡ್ಡ ತೂತು. ದೂರವಾದಂತೆ ಚಿಲ್ಲು ಬಿಡಿಬಿಡಿಯಾಗುತ್ತದೆ. ಅದೇ ಕೋವಿ, ಅದೇ ಬಗೆಯ ತೋಟೆಯಿಂದ ಪ್ರಯೋಗಾಲಯದಲ್ಲಿ ಹಾರಿಸಿ ಹೋಲಿಸುತ್ತಾರೆ. ಎದುರಿನಿಂದ ಬಂದವನಿಗೆ ಹೊಡೆದೆ ಎಂದು ಹೇಳಿ, ಮರಣೋತ್ತರ ವರದಿಯಲ್ಲಿ ಗಾಯ ಬೆನ್ನಲ್ಲಿದ್ದರೆ ಮುಂದೆ ಮಾತಿಲ್ಲ.

ಎರಡು ಎಫ್‌ಐಆರ್ ಆಗುತ್ತವೆ: ಮನೆ ಒಡೆದದ್ದಕ್ಕೆ ನಿಮ್ಮ ದೂರಿನ ಮೇಲೆ ಒಂದು, ಗುಂಡು ಹಾರಿಸಿದ್ದಕ್ಕೆ ನಿಮ್ಮ ಮೇಲೆ ಒಂದು. ಗಾಬರಿಯಾಗಬೇಡಿ, ಆದರೆ ನಿಮ್ಮ ದೂರು ತಡವಾಗಬಾರದು. ಕೋವಿ, ಲೈಸೆನ್ಸ್ ಪುಸ್ತಕ, ಉಳಿದ ತೋಟೆ ಎಲ್ಲ ಮಹಜರಿನಲ್ಲಿ ಜಪ್ತಿಯಾಗುತ್ತದೆ, ಪ್ರತಿ ಕೇಳಿ ಪಡೆಯಿರಿ. ಲೈಸೆನ್ಸಿನಲ್ಲಿ ನಮೂದಾದ ತೋಟೆಗಳ ಲೆಕ್ಕ ತಾಳೆಯಾಗದಿದ್ದರೆ ಅದೇ ಇನ್ನೊಂದು ತಲೆನೋವು. ಏನಾಯಿತೆಂದು ಚಿಕ್ಕದಾಗಿ, ನಿಜವನ್ನೇ ಹೇಳಿ. ವಿವರವಾದ ಹೇಳಿಕೆ ವಕೀಲರ ಜೊತೆ ಮಾತಾಡಿದ ಮೇಲೆ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ. "ಇನ್ನೊಮ್ಮೆ ಬಂದರೆ ಬಿಡಲ್ಲ ಅಂದುಕೊಂಡೇ ಇದ್ದೆ" ಎಂಬ ವೀರಾವೇಶದ ಮಾತು ಠಾಣೆಯಲ್ಲೂ ಬೇಡ, ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಘಟನೆಗೆ ಮೊದಲು ಹಾಕಿದ ಅಂತಹ ಮೆಸೇಜೂ ಪೂರ್ವಯೋಜನೆಗೆ ಸಾಕ್ಷಿಯಾಗುತ್ತದೆ.

ಕಳ್ಳ ಸಿಕ್ಕಿಬಿದ್ದರೆ ಹಿಡಿದಿಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಊರವರೆಲ್ಲ ಒಂದೊಂದು ಏಟು ಕೊಟ್ಟರೆ ಅದಕ್ಕೆ ಬೇರೆ ಕೇಸು. ಸತ್ತರೆ ಕೊಲೆ, ಗುಂಪಿನಲ್ಲಿ ಇದ್ದವರೆಲ್ಲ ಆರೋಪಿಗಳು.

---

ಕೈಮಡ:

ಕೊಡಗಿನವರು ಓದುತ್ತಿದ್ದರೆ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಕೆಳಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರ ಅಧಿಸೂಚನೆ 2029ರ ಅಕ್ಟೋಬರ್ 31ರವರೆಗೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ಹಾರಿಸಿದ ಮೇಲೆ ಮೇಲಿನವರು ಹೇಳಿದ ಕಲಂಗಳೆಲ್ಲ ಎಲ್ಲರಿಗೂ ಒಂದೇ.

ಇನ್ನೊಂದು, ಚುನಾವಣೆ ಬಂದಾಗ ಕೋವಿ ಠೇವಣಿ ಇಡಿಸುತ್ತಾರೆ. ವಾರಗಟ್ಟಲೆ ಮನೆಯಲ್ಲಿ ಕೋವಿಯೇ ಇರುವುದಿಲ್ಲ. ಕಾವಲಿಗೆ ಕೋವಿಯೊಂದನ್ನೇ ನಂಬಿದವರು ಆಗ ಏನು ಮಾಡುತ್ತೀರಿ?

---

ಬಾಳೂರು_ಘಾಟಿ:

ಎಲ್ಲರಿಗೂ ಧನ್ಯವಾದ. ಉಳಿದದ್ದು ಮೂರು. ಬೆಳೆ ರಕ್ಷಣೆ ಲೈಸೆನ್ಸಿನ ವಿಷಯ ಯಾರೂ ಹೇಳಲಿಲ್ಲ. ಅಪ್ಪನಿಗೆ ಆಗದಿದ್ದರೆ ನಾನೋ ತೋಟದ ರೈಟರೋ (ಲೆಕ್ಕ ನೋಡುವ ಗುಮಾಸ್ತ) ಕೋವಿ ತೆಗೆದುಕೊಂಡರೆ? ಗೋಡೌನ್ ಬಾಗಿಲಿಗೆ ಕರೆಂಟ್ ತಂತಿಯೋ, ತಂತಿ ಎಳೆದರೆ ಸಿಡಿಯುವ ಕೋವಿಯೋ ಕಟ್ಟಿಡುವ ಸಲಹೆ ಒಬ್ಬರು ಕೊಟ್ಟರು.

---

ಕೋರ್ಟ್‌ಕಟ್ಟೆ:

ಕೊನೆಯದರಿಂದ ಶುರು ಮಾಡುತ್ತೇನೆ. ಕರೆಂಟ್ ತಂತಿ, ಕಟ್ಟಿಟ್ಟ ಕೋವಿ ಎರಡೂ ಬೇಡ ಮಾರಾಯ್ರೆ. 1964ರಲ್ಲಿ ವರದಿಯಾದ ಚೆರುಬಿನ್ ಗ್ರೆಗರಿ ಪ್ರಕರಣ ಇದೇ. ತನ್ನ ಶೌಚಾಲಯಕ್ಕೆ ಬೇರೆಯವರು ಬರದಂತೆ ಬರಿಯ ತಂತಿಗೆ ಕರೆಂಟ್ ಕೊಟ್ಟಿದ್ದ, ನೆರೆಯ ಹೆಂಗಸು ತಗುಲಿ ಸತ್ತಳು. ಅತಿಕ್ರಮಣ ಮಾಡಿದವಳು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಶಿಕ್ಷೆ ಉಳಿಯಿತು. ಖಾಸಗಿ ರಕ್ಷಣೆಯ ಬುಡವೇ ಆ ಕ್ಷಣದಲ್ಲಿ ಮನುಷ್ಯ ಪಟ್ಟ ಭಯ. ತಂತಿಗೆ ಭಯವಿಲ್ಲ, ಬಂದವನು ಕಳ್ಳನೋ ಕೆಲಸದವರ ಮಗುವೋ ಎಂದು ನೋಡುವ ಕಣ್ಣೂ ಇಲ್ಲ.

ಲೈಸೆನ್ಸ್ ಉದ್ದೇಶ ಬೆಳೆ ರಕ್ಷಣೆ ಎಂದಿದ್ದರೂ, ಮನೆಯೊಳಗೆ ಪ್ರಾಣಕ್ಕೆ ಬಂದಾಗ ಕೈಗೆ ಸಿಕ್ಕಿದ್ದರಿಂದ ರಕ್ಷಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ. ಆದರೆ ಷರತ್ತು ಮೀರಿದಿರಿ ಎಂದು ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಸೇರಿಸಬಹುದು: ಆರು ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ರದ್ದು ಮಾಡಲು ಅದೂ ಒಂದು ಕಾರಣವಾಗುತ್ತದೆ. ಮೊದಲೇ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಆತ್ಮರಕ್ಷಣೆಯನ್ನೂ ಸೇರಿಸಿಕೊಳ್ಳಿ. 20 ಇಂಚಿಗೆ ಕಮ್ಮಿಯಿಲ್ಲದ ನಳಿಗೆಯ ನಯನಳಿಗೆ (ಒಳಗೆ ಸುರುಳಿ ಗೆರೆಯಿಲ್ಲದ) ಕೋವಿಯನ್ನು ರಕ್ಷಣೆಗೆ ಕೇಳಿದರೆ ಕಾಯ್ದೆಯ 13(3)ನೇ ಕಲಂ ಅರ್ಜಿದಾರನ ಪರವಾಗಿಯೇ ಇದೆ, ಪಿಸ್ತೂಲಿಗೆ ಕೇಳಿದಷ್ಟು ಕಷ್ಟವಿಲ್ಲ.

ರೈಟರ್ ಕೈಗೆ ಕೋವಿ ಕೊಟ್ಟು ರಾತ್ರಿ ಕಾವಲಿಗೆ ನಿಲ್ಲಿಸುವುದು ಅಪರಾಧ, ಅವರ ಹೆಸರು ಲೈಸೆನ್ಸಿನಲ್ಲಿ ರಿಟೇನರ್ (ಲೈಸೆನ್ಸುದಾರರ ಪರವಾಗಿ ಕೋವಿ ಹಿಡಿಯಲು ಅನುಮತಿ ಇರುವವರು) ಎಂದು ನಮೂದಾಗದ ಹೊರತು. ಲೈಸೆನ್ಸ್ ಇಲ್ಲದೆ ಕೋವಿ ಹೊಂದಿದ್ದಕ್ಕೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ. ನಿಮಗೂ ಅದೇ ಮಾತು.

ಅದಕ್ಕಿಂತ ಸುಲಭ ದಾರಿ 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿದೆ. ಲೈಸೆನ್ಸುದಾರರಿಗೆ 70 ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಕೇಳಬಹುದು. ನಿಮ್ಮ ತಂದೆಗೆ 70 ದಾಟಿದೆ. ನೀವು ಎ-1 ನಮೂನೆಯಲ್ಲಿ ಅರ್ಜಿ ಹಾಕಬೇಕು, ಸುರಕ್ಷತಾ ತರಬೇತಿ ಮತ್ತು ವೈದ್ಯಕೀಯ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ಪೊಲೀಸ್ ವರದಿ ಠಾಣೆಯಿಂದ ಬರಲು ಹೊತ್ತು ಹಿಡಿಯುತ್ತದೆ, ಕುಯ್ಲಿಗೆ ಮೊದಲು ಆಗಬೇಕಾದರೆ ಮಳೆಗಾಲದಲ್ಲೇ ಹಾಕಿ. ಅಪ್ಪನ ಲೈಸೆನ್ಸಿಗೆ ಯುಐಎನ್ (ವಿಶಿಷ್ಟ ಗುರುತು) ನಂಬರ್ ಬಿದ್ದಿದೆಯಾ, ಅವಧಿ ಮುಗಿದಿಲ್ಲವಾ ಎಂದು ಮೊದಲು ಆ ಪುಸ್ತಕ ತೆಗೆದು ನೋಡಿ.